ಹಳೆಯ ಪ್ರದರ್ಶನದ ಕ್ಯಾಟಲಾಗ್ ಕೊಳ್ಳುವಾಗ

ಧಾರವಾಡದಲ್ಲಿದ್ದುಕೊಂಡು ಪ್ರತಿ ಪ್ರದರ್ಶನಕ್ಕೂ ದಿಲ್ಲಿಯ ನ್ಯಾಷನಲ್ ಮ್ಯೂಸಿಯಂಗೆ ಓಡಲು ಆಗುವುದಿಲ್ಲ, ಅಲ್ವಾ? ಅಲ್ಲಿಟ್ಟ ಕಲಾಕೃತಿಗಳ ಚಿತ್ರ, ವಿವರ ಇರುವ ಪುಸ್ತಕ, ಅಂದರೆ ಕ್ಯಾಟಲಾಗ್, ಸಿಕ್ಕರೆ ಅರ್ಧ ನೋಡಿದ ಹಾಗೆ. ಆಧುನಿಕ ಚಿತ್ರಕಲೆಯಾದರೆ ದಿಲ್ಲಿಯೂ ಬೇಡ. ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಶಾಖೆ ಇದೆ, ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಊರು ಮುಟ್ಟುತ್ತೀರಿ.

ಹಳೆಯ ಪ್ರತಿಯಾದರೆ ಮೊದಲು ಚಿತ್ರಪುಟಗಳನ್ನು ಎಣಿಸಿ. ಒಳ್ಳೆಯ ಚಿತ್ರ ಕತ್ತರಿಸಿ ಫ್ರೇಮ್ ಹಾಕಿಸಿಕೊಂಡ ಪುಣ್ಯಾತ್ಮರು ಇರುತ್ತಾರೆ.

ಚಿತ್ರದ ಕೆಳಗಿನ ಸಣ್ಣ ಸಾಲು ಬಿಡಬೇಡಿ. ಕಲಾವಿದರ ಹೆಸರು, ವರ್ಷ, ಮಾಧ್ಯಮ (ತೈಲವರ್ಣವೋ, ಜಲವರ್ಣವೋ, ಕಂಚೋ), ಅಳತೆ ಎಲ್ಲ ಅಲ್ಲೇ ಇರುತ್ತವೆ. ಅಳತೆಯಲ್ಲಿ ಸಾಮಾನ್ಯವಾಗಿ ಎತ್ತರ ಮೊದಲು, ಅಗಲ ಆಮೇಲೆ. 180 × 90 ಸೆಂ.ಮೀ. ಅಂತಿದ್ದರೆ ಟೇಪ್ ಹಿಡಿದು ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ನೋಡಿ. ಪುಟದಲ್ಲಿ ಅಂಗೈಯಷ್ಟಿದ್ದ ಚಿತ್ರ ಹೆಚ್ಚುಕಡಿಮೆ ಬಾಗಿಲಷ್ಟಾಗುತ್ತದೆ!

ನಮ್ಮ ಮಳೆಗಾಲ ಮಾತ್ರ ಕ್ಯಾಟಲಾಗ್‌ಗೆ ಶತ್ರು. ಹೊಳಪಿನ ಆರ್ಟ್ ಪೇಪರ್ ಒದ್ದೆಯಾಗಿ ಒಣಗಿದರೆ ಪುಟಕ್ಕೆ ಪುಟ ಅಂಟುತ್ತದೆ. ನಾನು ಸುಮ್ನೆ ಆತುರಕ್ಕೆ ಎಳೆದು, ಕಂಚಿನ ನಟರಾಜನ ಮುಖ ಎದುರು ಪುಟಕ್ಕೆ ಕಿತ್ತುಕೊಂಡು ಹೋಯಿತು. ಒದ್ದೆಯಾದರೆ ಒಣಗುವ ಮೊದಲೇ ಪುಟಗಳ ನಡುವೆ ಮೇಣದ ಕಾಗದ ಇಡಿ.