ಜಜ್ಜಿದ ನರ, ಶಾಯಿಯ ಹೆಜ್ಜೆ: ನನ್ನ ಅನುಭವ

ಮಂಡ್ಯ ಜಿಲ್ಲೆಯ ನಮ್ಮೂರಿನಲ್ಲಿ ಕಬ್ಬು ಕಡಿಯುವ ಕಾಲಕ್ಕೆ ಮಚ್ಚಿನ ಗಾಯ ಹೊಸತೇನೂ ಅಲ್ಲ. ನಾನು ಎಂ.ಎಸ್ಸಿ. ಓದುತ್ತಿದ್ದ ವರ್ಷ, ಪಕ್ಕದ ಸಾಲಿನಲ್ಲಿ ಕಡಿಯುತ್ತಿದ್ದವರ ಮಚ್ಚು ಜಾರಿ ನನ್ನ ಸೋದರಮಾವನ ಎಡಗೈಗೆ, ಮೊಣಕೈಯಿಂದ ಸ್ವಲ್ಪ ಕೆಳಗೆ, ಆಳವಾಗಿ ಬಿತ್ತು. ಕಿರುಬೆರಳಿನ ಕಡೆಗೆ ಹೋಗುವ ಅಲ್ನಾರ್ ನರ ತುಂಡಾಗಿತ್ತು. ಶಸ್ತ್ರವೈದ್ಯರು ಎರಡು ತುದಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಹೊಲಿದು, ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ, ಕಾಯಬೇಕು ಎಂದರು. ಉಗುರು ಬೆಳೆಯುವುದಕ್ಕಿಂತ ಇದು ಹತ್ತು ಪಟ್ಟು ವೇಗವೆಂದು ನಾನು ಸಮಾಧಾನ ಹೇಳಲು ಹೋದೆ. ಮಾವ ಗಾಯದಿಂದ ಅಂಗೈಯವರೆಗೆ ಗೇಣು ಹಾಕಿ ಅಳೆದು, "ಅಂಗಾರೆ ಬರೋ ಸುಗ್ಗಿಗೂ ಈ ಕೈ ಬರಾಕಿಲ್ಲ ಕಣ್ಲಾ" ಎಂದರು. ಆ ಲೆಕ್ಕ ಸರಿಯಾಗಿಯೇ ಇತ್ತು. ನರದ ಸಂಪರ್ಕ ತಪ್ಪಿದ ಸ್ನಾಯು ಸೊರಗುತ್ತಾ ಹೋಗುತ್ತದೆ. ಒಂದು, ಒಂದೂವರೆ ವರ್ಷ ಕಳೆದ ಮೇಲೆ ನರತಂತು ಬಂದು ಮುಟ್ಟಿದರೂ ಸ್ನಾಯು ಅದನ್ನು ಸರಿಯಾಗಿ ಸ್ವೀಕರಿಸುವುದಿಲ್ಲ. ಆದ್ದರಿಂದಲೇ ಈ ಕ್ಷೇತ್ರದಲ್ಲಿ ವೇಗದ ಪ್ರಶ್ನೆಗೆ ಅಷ್ಟು ಬೆಲೆ.

ಪಿಎಚ್.ಡಿ.ಗೆಂದು ಮೈಸೂರಿನ ಒಂದು ಪ್ರಯೋಗಾಲಯಕ್ಕೆ ಸೇರಿದಾಗ ನಾನು ಆರಿಸಿಕೊಂಡದ್ದು ಇದೇ ಪ್ರಶ್ನೆಯನ್ನು: ನಮ್ಮ ಗದ್ದೆಯ ಬದುಗಳಲ್ಲಿ ಬೆಳೆಯುವ, ಮನೆಯಲ್ಲಿ ಚಟ್ನಿಗೆ ಅರೆಯುವ ಒಂದೆಲಗದ ಸಾರವು ಗಾಯಗೊಂಡ ನರದ ಮರುಬೆಳವಣಿಗೆಯನ್ನು ಚುರುಕುಗೊಳಿಸುತ್ತದೆಯೇ? ಇಲಿಗಳಲ್ಲಿ ಚುರುಕುಗೊಳಿಸುತ್ತದೆ ಎಂಬ ವರದಿ 2005ರಲ್ಲಿಯೇ ಪ್ರಕಟವಾಗಿತ್ತು. ನನ್ನ ಕೆಲಸ ಅದನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಕೊಟ್ಟು ನೋಡುವುದಾಗಿತ್ತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಬರುವ ನೈತಿಕ ಸಮಿತಿಯ ಒಪ್ಪಿಗೆಗೆ ಅರ್ಜಿ ಹಾಕಿ, ಎಷ್ಟು ಇಲಿ, ಏಕೆ ಅಷ್ಟು, ನೋವು ಶಮನಕ್ಕೆ ಏನು ಎಂಬುದಕ್ಕೆಲ್ಲ ಉತ್ತರ ಬರೆದು ಮುಗಿಸುವುದರಲ್ಲಿ ಮೊದಲ ಕೆಲವು ತಿಂಗಳು ಕಳೆದವು.

ನಾವು ನರವನ್ನು ಕತ್ತರಿಸುವುದಿಲ್ಲ, ಜಜ್ಜುತ್ತೇವೆ. ಈ ವ್ಯತ್ಯಾಸ ತಿಳಿಯದೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಒಂದು ನರವೆಂದರೆ ಸಾವಿರಾರು ಸೂಕ್ಷ್ಮ ತಂತುಗಳ ಕಟ್ಟು. ಪ್ರತಿ ತಂತುವೂ ತೆಳ್ಳನೆಯ ಪೊರೆಯ ಕೊಳವೆಯೊಂದರೊಳಗೆ ಸಾಗುತ್ತದೆ. ಚಿಮುಟದಿಂದ ಬಲವಾಗಿ ಜಜ್ಜಿದಾಗ ಒಳಗಿನ ತಂತುಗಳು ತುಂಡಾಗುತ್ತವೆ, ಆದರೆ ಕೊಳವೆಗಳು ಉಳಿಯುತ್ತವೆ. 1943ರಲ್ಲಿ ಶಸ್ತ್ರವೈದ್ಯ ಸೆಡನ್ ನರದ ಗಾಯಗಳನ್ನು ಮೂರು ದರ್ಜೆಗಳಾಗಿ ಮಾಡಿದ ವರ್ಗೀಕರಣದಲ್ಲಿ ಇದು ನಡುವಿನ ದರ್ಜೆಯ ಗಾಯ. ತುಂಡಾದ ಜಾಗದಿಂದ ಆಚೆಗಿನ ಭಾಗ, ಅಂದರೆ ನರಕೋಶದಿಂದ ಬೇರ್ಪಟ್ಟ ಭಾಗ, ಒಂದೆರಡು ದಿನಗಳಲ್ಲಿ ಚೂರುಚೂರಾಗುತ್ತದೆ. ಆಗಸ್ಟಸ್ ವಾಲರ್ 1850ರಲ್ಲಿ ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ ನೋಡಿ ಇದನ್ನು ವಿವರಿಸಿದರು. ಆ ಮೇಲೆ ತಂತುವನ್ನು ಸುತ್ತಿಕೊಂಡಿರುವ ಶ್ವಾನ್ ಕೋಶಗಳೂ ಹೊರಗಿನಿಂದ ಬರುವ ಭಕ್ಷಕ ಕೋಶಗಳೂ ಸೇರಿ, ತಂತುವಿಗೆ ಹೊದಿಕೆಯಾಗಿದ್ದ ಮಯಲಿನ್ ಎಂಬ ಕೊಬ್ಬಿನ ಪದರದ ಕಸವನ್ನು ಬಳಿದು ತೆಗೆಯುತ್ತವೆ, ಶ್ವಾನ್ ಕೋಶಗಳು ಕೊಳವೆಯ ಉದ್ದಕ್ಕೂ ಸಾಲುಗಟ್ಟುತ್ತವೆ, ಆ ಸಾಲನ್ನೇ ಹಿಡಿದು ಹೊಸ ತಂತು ಮುಂದೆ ಸಾಗುತ್ತದೆ. ಮೆದುಳುಬಳ್ಳಿಯಲ್ಲಿ ಈ ವ್ಯವಸ್ಥೆ ಇಲ್ಲ. 1981ರಲ್ಲಿ ಡೇವಿಡ್ ಮತ್ತು ಅಗ್ವಾಯೊ ಕಾಲಿನ ನರದ ತುಂಡನ್ನು ಸೇತುವೆಯಂತೆ ಜೋಡಿಸಿದಾಗ ಮೆದುಳುಬಳ್ಳಿಯ ತಂತುಗಳೂ ಅದರೊಳಗೆ ಉದ್ದಕ್ಕೆ ಬೆಳೆದವು. ಕೊರತೆ ಇದ್ದದ್ದು ಬಹುಮಟ್ಟಿಗೆ ದಾರಿಯಲ್ಲಿ ಎಂದು ಅದರಿಂದ ತಿಳಿಯಿತು.

ಇಲಿಯ ತೊಡೆಯಲ್ಲಿ ಎರಡು ಸ್ನಾಯುಗಳನ್ನು ಬಿಡಿಸಿದರೆ, ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕ್ ನರ ಬಿಳಿಯ ಲಾಡಿಯಂತೆ ಕಾಣುತ್ತದೆ. ಅದನ್ನು ಸಣ್ಣ ಚಿಮುಟದಲ್ಲಿ 30 ಸೆಕೆಂಡು ಒತ್ತಿ ಹಿಡಿದು, ಜಜ್ಜಿದ ಜಾಗದ ಗುರುತಿಗೆ ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಳಸುವಷ್ಟು ಸಣ್ಣ ದಾರದಲ್ಲಿ ಒಂದು ಹೊಲಿಗೆ ಹಾಕುತ್ತಿದ್ದೆ. ಸ್ನಾಯುವಿಗೆ ಇರುವ ದೂರ ಐದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಚೇತರಿಕೆಯ ದಿನ ಬದಲಾಗುವುದರಿಂದ ಆ ಗುರುತು ಬಿಡುವಂತಿಲ್ಲ.

ಚೇತರಿಕೆಯನ್ನು ಅಳೆಯುವುದು ಹೆಜ್ಜೆಯಿಂದ. ಕಿರಿದಾದ ಒಂದು ಓಣಿ, ಅದರ ತುದಿಯಲ್ಲಿ ಕತ್ತಲೆಯ ಪೆಟ್ಟಿಗೆ, ನೆಲಕ್ಕೆ ಬಿಳಿ ಕಾಗದ. ಇಲಿಯ ಹಿಂಗಾಲಿಗೆ ಶಾಯಿ ಹಚ್ಚಿ ಬಿಟ್ಟರೆ ಅದು ಕತ್ತಲೆಯ ಕಡೆಗೆ ಓಡುತ್ತದೆ, ಕಾಗದದ ಮೇಲೆ ಹೆಜ್ಜೆ ಮೂಡುತ್ತದೆ. ನರ ಕೆಲಸ ನಿಲ್ಲಿಸಿದ ಕಾಲಿನ ಬೆರಳುಗಳು ಅಗಲಿಸಿಕೊಳ್ಳದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಪಾದ ಎಳೆದುಕೊಂಡು ಹೆಜ್ಜೆ ಉದ್ದವಾಗುತ್ತದೆ. ಹೆಜ್ಜೆಯ ಉದ್ದ, ಮೊದಲ ಮತ್ತು ಐದನೆಯ ಬೆರಳಿನ ನಡುವಿನ ಅಗಲ, ಎರಡನೆಯ ಮತ್ತು ನಾಲ್ಕನೆಯದರ ನಡುವಿನ ಅಗಲ, ಈ ಮೂರನ್ನೂ ಆರೋಗ್ಯವಾಗಿರುವ ಕಾಲಿನದರೊಂದಿಗೆ ಹೋಲಿಸಿ ಒಂದು ಸೂಚ್ಯಂಕ ತೆಗೆಯುತ್ತಾರೆ. ಡಿ ಮೆಡಿನಾಚೆಲಿ 1982ರಲ್ಲಿ ರೂಪಿಸಿದ ಈ ಲೆಕ್ಕವನ್ನು ಬೇನ್ ಮತ್ತು ಸಂಗಡಿಗರು 1989ರಲ್ಲಿ ತಿದ್ದಿದರು. ಸೊನ್ನೆಯ ಆಸುಪಾಸು ಬಂದರೆ ಸಹಜ ನಡಿಗೆ, -100 ಎಂದರೆ ಕಾಲು ಪೂರ್ತಿ ಸೋತಿದೆ ಎಂದರ್ಥ.

ಶಾಯಿಯ ವಿಷಯದಲ್ಲಿ ಸ್ನೇಹಿತರು ತಮಾಷೆ ಮಾಡುತ್ತಿದ್ದರು: 1962ರಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಮೈಸೂರು ಪೇಂಟ್ಸ್ ಕಾರ್ಖಾನೆಯಲ್ಲಿ, ಇಲಿಗೂ ಅದನ್ನೇ ಹಚ್ಚಿಬಿಡು ಎಂದು. ನಾನು ಬಳಸಿದ್ದು ನೀರಿನಲ್ಲಿ ತೊಳೆದರೆ ಹೋಗುವ ಸ್ಟಾಂಪ್ ಶಾಯಿ. ಆದರೆ ಆ ಮತದಾನದ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟೇ ಸ್ಪೇನಿನ ನರವಿಜ್ಞಾನಿ ಕಹಾಲ್ ನರತಂತುಗಳನ್ನು ಬಣ್ಣಗಟ್ಟಿಸಲು ಬಳಸಿದ ಲವಣವೂ ಹೌದು. ಬೆಳೆಯುವ ತಂತುವಿನ ತುದಿಯನ್ನು ಅವರು ಕಂಡು ಚಿತ್ರಿಸಿದ್ದು ಬೆಳ್ಳಿಯ ಆ ಕಪ್ಪಿನಲ್ಲೇ.

ಮೊದಲ ತಂಡದ ಫಲಿತಾಂಶ ನೋಡಿದಾಗ ನನಗೆ ಎರಡು ದಿನ ನಿದ್ದೆ ಬರಲಿಲ್ಲ. ಒಂದೆಲಗ ಕೊಟ್ಟ ಗುಂಪು ಎರಡನೆಯ ವಾರಕ್ಕೇ ಬೆರಳು ಅಗಲಿಸಿ ನಡೆಯುತ್ತಿತ್ತು, ನೀರು ಮಾತ್ರ ಕೊಟ್ಟ ಗುಂಪು ಇನ್ನೂ ಕಾಲೆಳೆಯುತ್ತಿತ್ತು. ಮಾರ್ಗದರ್ಶಕರು ಸಂತೋಷಪಟ್ಟರಾದರೂ, ನರದ ಅಡ್ಡಕೊಯ್ತ ನೋಡದೆ ಎಲ್ಲಿಯೂ ಬಾಯಿ ಬಿಡಬಾರದು ಎಂದರು. ಈ ಕೆಲಸದಲ್ಲಿ ನನಗೆ ದೊರೆತ ಅತ್ಯಂತ ಬೆಲೆಯುಳ್ಳ ಸಲಹೆ ಅದೇ.

ನರದ ತುಂಡನ್ನು ಗ್ಲುಟರಾಲ್ಡಿಹೈಡ್‌ನಲ್ಲಿ ಗಟ್ಟಿಗೊಳಿಸಿ, ಆಸ್ಮಿಯಂ ಟೆಟ್ರಾಕ್ಸೈಡ್‌ನಲ್ಲಿಟ್ಟು, ರಾಳದಲ್ಲಿ ಹುದುಗಿಸಿ, ಸುಮಾರು ಒಂದು ಮೈಕ್ರೋಮೀಟರ್ ದಪ್ಪಕ್ಕೆ ಕೊಯ್ದು, ಟಾಲುಯಿಡೀನ್ ನೀಲಿಯಲ್ಲಿ ಅದ್ದಬೇಕು. ಆಸ್ಮಿಯಂ ದುಬಾರಿಯಷ್ಟೇ ಅಲ್ಲ, ಅದರ ಆವಿ ಕಣ್ಣಿಗೆ ತುಂಬಾ ಅಪಾಯಕಾರಿ. ಆವಿಯನ್ನು ಎಳೆದು ಹೊರಹಾಕುವ ಹೊಗೆಗೂಡಿನ ಹೊರಗೆ ಅದರ ಸೀಸೆ ತೆರೆಯುವಂತಿಲ್ಲ. ಎಲ್ಲವೂ ಸರಿಬಂದರೆ ಸೂಕ್ಷ್ಮದರ್ಶಕದಲ್ಲಿ ಬಳೆಯಂಗಡಿಯ ರಾಶಿಯಂತೆ ನೂರಾರು ಕಡು ಉಂಗುರಗಳು ಕಾಣುತ್ತವೆ. ಉಂಗುರ ಎಂದರೆ ಮಯಲಿನ್, ಅದರ ನಡುವಿನ ಖಾಲಿ ಎಂದರೆ ತಂತು. ಹೊಸದಾಗಿ ಬೆಳೆದು ಬಂದ ತಂತುವಿನ ಮಯಲಿನ್ ತೆಳ್ಳಗಿರುತ್ತದೆ, ತಿಂಗಳುಗಳ ನಂತರವೂ ಮೂಲದಷ್ಟು ದಪ್ಪವಾಗುವುದಿಲ್ಲ.

ಮೂರು ಇಲಿಗಳ ಕೊಯ್ತದಲ್ಲಿ, ಜಜ್ಜಿದ ಜಾಗದಿಂದ ಆಚೆಗೆ, ಒಂದು ಮೂಲೆಯಲ್ಲಿ ದಪ್ಪ ಮಯಲಿನ್ನಿನ ದೊಡ್ಡ ತಂತುಗಳ ಗುಂಪು ಕಂಡಿತು. ಮೊದಲು ನಾನು ಅದನ್ನು ಔಷಧದ ಗುಣವೆಂದೇ ತಿಳಿದೆ. ಸ್ಲೈಡನ್ನು ಮತ್ತೆ ಮತ್ತೆ ನೋಡುತ್ತಾ ಕುಳಿತಾಗ ಹೊಳೆಯಿತು: ಎರಡು ವಾರಕ್ಕೆ ಹೊಸ ತಂತು ಅಷ್ಟು ದಪ್ಪ ಮಯಲಿನ್ ತೊಡುವುದು ಸಾಧ್ಯವೇ ಇಲ್ಲ. ಅವು ಮರಳಿ ಬೆಳೆದ ತಂತುಗಳಲ್ಲ, ತುಂಡಾಗದೆ ಉಳಿದವು. ನನ್ನ ಚಿಮುಟ ನರದ ಒಂದು ಅಂಚನ್ನು ಬಿಟ್ಟು ಹಿಡಿದಿತ್ತು. ಆ ಮೂರೂ ಇಲಿಗಳು ಒಂದೆಲಗದ ಗುಂಪಿನಲ್ಲಿದ್ದವು. ದಾಖಲೆ ಪುಸ್ತಕ ತೆಗೆದು ನೋಡಿದರೆ ಅವೆಲ್ಲಕ್ಕೂ ಒಂದೇ ಸಂಜೆ, ದಣಿದ ಕೈಯಲ್ಲಿ, ಸಾಲಾಗಿ ಶಸ್ತ್ರಚಿಕಿತ್ಸೆ ಮಾಡಿದ್ದೆ. ಯಾವ ಇಲಿ ಯಾವ ಗುಂಪಿನದೆಂದು ಮೊದಲೇ ಬರೆದಿಟ್ಟು, ಗುಂಪು ಗುಂಪಾಗಿಯೇ ಕೆಲಸ ಮುಗಿಸುವುದು ಅನುಕೂಲವೆಂದು ತೋರಿತ್ತು. ಆ ಅನುಕೂಲ ಆರು ತಿಂಗಳ ಕೆಲಸವನ್ನು ತಿಂದಿತು. ಅದಕ್ಕಿಂತ ಹೆಚ್ಚಾಗಿ, ಅಷ್ಟು ಜೀವಗಳನ್ನು ಬಳಸಿಯೂ ಏನನ್ನೂ ಹೇಳಲಾಗಲಿಲ್ಲವಲ್ಲ ಎಂಬುದು ಇಂದಿಗೂ ಕಾಡುತ್ತದೆ.

ಎರಡನೆಯ ಸುತ್ತಿನಲ್ಲಿ ಕ್ರಮವನ್ನೇ ಬದಲಿಸಿದೆ. ಬೇರೆ ಕೆಲಸದಲ್ಲಿ ಸತ್ತ ಇಲಿಗಳ ನರದ ಮೇಲೆ ಒಂದು ತಿಂಗಳು ಕೈ ಪಳಗಿಸಿಕೊಂಡೆ. ಕೈಯ ಬಲವನ್ನು ನಂಬದೆ, ಹಲ್ಲುಕೊಕ್ಕೆ ಇರುವ ಕ್ಲ್ಯಾಂಪನ್ನು ಪ್ರತಿ ಸಲವೂ ಒಂದೇ ಹಲ್ಲಿಗೆ ಸಿಕ್ಕಿಸಿದೆ. ಒತ್ತಿದ ಜಾಗ ಉದ್ದಕ್ಕೂ ಅಂಚಿನಿಂದ ಅಂಚಿಗೆ ಪಾರದರ್ಶಕವಾಗದ ಹೊರತು ಗಾಯ ಮುಚ್ಚಲಿಲ್ಲ. ಗುಂಪಿನ ಚೀಟಿ ಎತ್ತುವುದು ಗಾಯ ಹೊಲಿದ ಮೇಲೆಯೇ, ಅದೂ ಬೇರೊಬ್ಬರ ಕೈಯಿಂದ. ಮೂರನೆಯ ದಿನ ಎಲ್ಲ ಇಲಿಗಳನ್ನೂ ನಡೆಸಿ, ಸೂಚ್ಯಂಕ -100ರ ಹತ್ತಿರಕ್ಕೆ ಇಳಿಯದ ಇಲಿಯನ್ನು ಗುಂಪು ಯಾವುದೆಂದು ನೋಡುವ ಮೊದಲೇ ಲೆಕ್ಕದಿಂದ ಕೈಬಿಡುವುದೆಂದು ಬರೆದಿಟ್ಟುಕೊಂಡೆ. ಹೆಜ್ಜೆ ಅಳೆಯುವವರಿಗೆ ಕಾಗದದ ಮೇಲೆ ಸಂಖ್ಯೆ ಬಿಟ್ಟು ಮತ್ತೇನೂ ಕಾಣುತ್ತಿರಲಿಲ್ಲ.

ಇಷ್ಟಾದರೂ ಒಂದು ವಾರದ ಅಳತೆ ಹಾಳಾಯಿತು. ದಸರೆಗೆ ಮೊದಲು ಆನೆ, ಕುದುರೆಗಳಿಗೆ ಸದ್ದು ಒಗ್ಗಿಸಲು ಕುಶಾಲತೋಪಿನ ತಾಲೀಮು ನಡೆಯುತ್ತದೆ. ಆ ಸದ್ದಿಗೆ ನಮ್ಮ ಇಲಿಗಳು ಓಣಿಯ ನಡುವೆಯೇ ಮುದುರಿ ಕೂತವು, ಆ ದಿನಗಳ ಹೆಜ್ಜೆಗಳಲ್ಲಿ ಶಾಯಿಯ ಕಲೆ ಬಿಟ್ಟರೆ ಏನೂ ಇರಲಿಲ್ಲ. ಆನೆಗಳಿಗೆ ತಾಲೀಮು ಕೊಡುವವರಿಗೆ ಇಲಿಗಳ ನೆನಪು ಬರಬೇಕೆಂದು ಬಯಸುವುದೂ ತಪ್ಪೇ. ಮುಂದಿನ ವರ್ಷದಿಂದ ತಾಲೀಮಿನ ದಿನಾಂಕ ನೋಡಿಕೊಂಡು ನಮ್ಮ ವೇಳಾಪಟ್ಟಿ ಹಾಕಿದೆವು.

ಈ ಸುತ್ತಿನಲ್ಲಿ ಎರಡೂ ಗುಂಪುಗಳ ಇಲಿಗಳು ನಾಲ್ಕನೆಯ ವಾರದ ಹೊತ್ತಿಗೆ ಹೆಚ್ಚುಕಡಿಮೆ ಒಂದೇ ರೀತಿ ನಡೆದವು. ಎರಡನೆಯ ವಾರದಲ್ಲಿ ಒಂದೆಲಗದ ಗುಂಪು ತುಸು ಮುಂದಿತ್ತಾದರೂ ಆ ಅಂತರ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಾಗಿರಲಿಲ್ಲ. ಇದರಿಂದ ಹಿಂದಿನ ವರದಿ ಸುಳ್ಳಾಗುವುದಿಲ್ಲ. ಸಾರ ತೆಗೆದ ಬಗೆ, ಪ್ರಮಾಣ, ಇಲಿಯ ತಳಿ ಎಲ್ಲವೂ ಬೇರೆ ಬೇರೆ ಇರಬಹುದು. ಜೊತೆಗೆ, ಜಜ್ಜಿದ ನರ ಇಲಿಯಲ್ಲಿ ತಾನಾಗಿಯೇ ಚೆನ್ನಾಗಿ ಚೇತರಿಸಿಕೊಳ್ಳುವುದರಿಂದ ಔಷಧಕ್ಕೆ ತನ್ನ ಗುಣ ತೋರಲು ಉಳಿಯುವ ಜಾಗವೇ ಕಡಿಮೆ. ಪೂರ್ತಿ ಕತ್ತರಿಸಿ ಹೊಲಿದ ನರದಲ್ಲಿ ತಂತುಗಳು ತಪ್ಪು ಕೊಳವೆ ಹೊಕ್ಕು ತಪ್ಪು ಸ್ನಾಯುವನ್ನು ಸೇರುವುದುಂಟು, ಮಾವನ ಕೈಯ ಸ್ಥಿತಿ ಅದಕ್ಕೆ ಹತ್ತಿರ.

ಊರಿಗೆ ಹೋದಾಗಲೆಲ್ಲ ಮಾವನ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಕಾಗದ ಕೊಟ್ಟು ಎಳೆಯುತ್ತೇನೆ. ಅಲ್ನಾರ್ ನರದ ಸ್ನಾಯು ಸೋತಿದ್ದರೆ ಕಾಗದ ಹಿಡಿದಿಡಲು ಹೆಬ್ಬೆರಳಿನ ತುದಿ ಬಾಗುತ್ತದೆ. ಮಾವನದು ಈಗಲೂ ಬಾಗುತ್ತದೆ, ಗಾಯವಾದ ಹೊಸತರಲ್ಲಿ ಬಾಗುತ್ತಿದ್ದಷ್ಟಲ್ಲ. ಕಿರುಬೆರಳಿಗೆ ಬಿಸಿ ತಣ್ಣನೆ ತಿಳಿಯುತ್ತದೆ, ಕಬ್ಬಿನ ಜಲ್ಲೆ ಹಿಡಿಯುವ ಬಿಗಿ ಮಾತ್ರ ಬಂದಿಲ್ಲ. "ನಿನ್ನ ಇಲಿ ನಡೀತೇನ್ಲಾ?" ಎಂದು ಮಾವ ಕೇಳುತ್ತಾರೆ. ನಡೆಯಿತು, ಔಷಧ ಕುಡಿಯದ ಇಲಿಯೂ ನಡೆಯಿತು ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಒಂದೆಲಗದ ಚಟ್ನಿ ಬಿಡಬೇಕೋ ಬೇಡವೋ ಎಂದು ಅತ್ತೆಯನ್ನು ಕೇಳಲು ಒಳಗೆ ಹೋದರು.