ಫಾರಿನ್ ಟ್ರಿಪ್ ಹೊರಟಿದೀರಾ? ಕಸ್ಟಮ್ಸ್ ದಾಟೋದು ಹೀಗೆ

ಬ್ಯಾಗ್ ತೂಕ ನಾಲ್ಕು ಸಲ ನೋಡ್ತೀವಿ, ಆದ್ರೆ ಒಳಗಿರೋದನ್ನೆಲ್ಲ ಆ ದೇಶದವ್ರು ಬಿಟ್ಕೊಳ್ತಾರಾ ಅಂತ ಒಂದ್ಸಲನೂ ನೋಡಲ್ಲ. ಅದಕ್ಕೇ ಮೊದಲ ಕೆಲಸ, ಪ್ಯಾಕಿಂಗ್‌ಗೆ ಮುಂಚೆನೇ ಹೋಗೋ ದೇಶದ ಕಸ್ಟಮ್ಸ್ ವೆಬ್‌ಸೈಟ್ ಓದೋದು. ಹೋಗಿ ಬಂದೋರ ಮಾತು ನಂಬ್ಕೊಂಡು ಕೂರ್ಬೇಡಿ, ರೂಲ್ಸ್ ಬದಲಾಗ್ತಾನೇ ಇರುತ್ತೆ.

ಆಮೇಲೆ ಸಾಮಾನು ಎರಡು ಗುಡ್ಡೆ ಮಾಡಿ. ಹಾಕ್ಕೊಳ್ಳೋ ಬಟ್ಟೆ, ಬಳಸ್ತಿರೋ ಫೋನು, ಲ್ಯಾಪ್‌ಟಾಪು, ಕ್ಯಾಮೆರಾ ಒಂದು ಕಡೆ, ಇವುಕ್ಕೆ ಸಾಮಾನ್ಯವಾಗಿ ಡ್ಯೂಟಿ (ಕಸ್ಟಮ್ಸ್‌ನವ್ರು ಹಾಕೋ ತೆರಿಗೆ) ಇಲ್ಲ, ವಾಪಸ್ ತಗೊಂಡು ಹೋಗ್ತೀರಿ ಅನ್ನೋ ಲೆಕ್ಕದ ಮೇಲೆ ಬಿಡ್ತಾರೆ. ಇನ್ನೊಂದು ಕಡೆ ಗಿಫ್ಟು, ಸೀಲ್ ಒಡೆಯದ ಹೊಸ ಮಾಲು, ಮದ್ಯ, ಸಿಗರೇಟು. ತಕರಾರು ಬರೋದು ಇಲ್ಲೇ. ಯುರೋಪಿಯನ್ ಯೂನಿಯನ್‌ಗೆ ವಿಮಾನದಲ್ಲಿ ಹೋದ್ರೆ ಒಬ್ರಿಗೆ 430 ಯೂರೋವರೆಗಿನ ಮಾಲಿಗೆ ಡ್ಯೂಟಿ ಇಲ್ಲ, ಆದ್ರೆ 700 ಯೂರೋದ ಒಂದೇ ವಸ್ತು ತಂದು ಗಂಡ ಹೆಂಡ್ತಿ ಇಬ್ರ ಲೆಕ್ಕಕ್ಕೆ ಅರ್ಧರ್ಧ ಹಾಕ್ತೀವಿ ಅಂದ್ರೆ ನಡೆಯಲ್ಲ. ಆಸ್ಟ್ರೇಲಿಯಾದಲ್ಲಿ ಮಿತಿ ಅಲ್ಲಿನ 900 ಡಾಲರ್, ದಾಟಿದ್ರೆ ಹೆಚ್ಚಾಗಿದ್ದಕ್ಕೆ ಮಾತ್ರ ಅಲ್ಲ ಪೂರ್ತಿ ಮಾಲಿಗೂ ತೆರಿಗೆ ಬೀಳುತ್ತೆ.

ಕ್ಯಾಶ್ ವಿಷಯದಲ್ಲಿ ತುಂಬಾ ಜನ ತಪ್ಪು ತಿಳ್ಕೊಂಡಿರ್ತಾರೆ. ಅಮೆರಿಕಕ್ಕೆ 10,000 ಡಾಲರ್‌ಗಿಂತ ಜಾಸ್ತಿ ಒಯ್ಯೋದೇನು ಅಪರಾಧ ಅಲ್ಲ, ಹೇಳದೇ ಒಯ್ಯೋದು ಅಪರಾಧ.

ಮಾತ್ರೆಗಳನ್ನ ಡಬ್ಬಿಗೆ ಸುರಿಬೇಡಿ, ಅಂಗಡಿ ಪ್ಯಾಕ್‌ನಲ್ಲೇ ಇರ್ಲಿ, ಜೊತೆಗೆ ಔಷಧದ ಮೂಲ ಹೆಸರು (ಕಂಪನಿ ಇಟ್ಟ ಬ್ರ್ಯಾಂಡ್ ಹೆಸರಲ್ಲ) ಬರೆದಿರೋ ಡಾಕ್ಟ್ರ ಚೀಟಿ. ಮನೇಲಿ ಮಾಮೂಲಿ ಅನ್ಸೋ ಶೀತದ ಮಾತ್ರೆನೂ ಕೆಲವು ಕಡೆ ನಿಷೇಧ, ಅದರಲ್ಲಿರೋ ಸ್ಯೂಡೋಎಫೆಡ್ರಿನ್ ಅನ್ನೋ ಔಷಧ ಶೇಕಡಾ 10ಕ್ಕಿಂತ ಜಾಸ್ತಿ ಇದ್ರೆ ಜಪಾನ್ ಒಳಗೆ ಬಿಡಲ್ಲ. ಇ-ಸಿಗರೇಟ್ ಸೇದೋರು ಸಿಂಗಾಪುರ, ಥಾಯ್ಲೆಂಡ್‌ಗೆ ಹೊರಟ್ರೆ ಅದನ್ನ ಮನೇಲೇ ಬಿಟ್ಟು ಹೋಗಿ.

ಈಗ ತಿನ್ನೋ ಪದಾರ್ಥ. ಜಾಸ್ತಿ ಜನ ಸಿಕ್ಕಿಹಾಕ್ಕೊಳ್ಳೋದು ಕಳ್ಳಸಾಗಣೆ ಮಾಡಿ ಅಲ್ಲ, ಮರೆತು. ವಿಮಾನದಲ್ಲಿ ಕೊಟ್ಟ ಸೇಬು ಆಮೇಲೆ ತಿನ್ನೋಣ ಅಂತ ಹ್ಯಾಂಡ್‌ಬ್ಯಾಗ್‌ಗೆ ಹಾಕಿ ನಿದ್ದೆ ಹೋಗ್ತೀರಿ, ನ್ಯೂಜಿಲೆಂಡ್‌ಗೆ ಏನೇನು ತಂದಿದೀವಿ ಅನ್ನೋ ಡಿಕ್ಲರೇಶನ್ ತುಂಬೋವಾಗ ಅದು ನೆನಪೇ ಇರಲ್ಲ, ಎಕ್ಸ್‌ರೇನಲ್ಲಿ ದುಂಡಗೆ ಕಾಣುತ್ತೆ, ಅಲ್ಲೇ ಅಲ್ಲಿನ 400 ಡಾಲರ್ ದಂಡ. ಅದೇ ಸೇಬನ್ನ ‘ಹೌದು, ಇದೆ’ ಅಂತ ಬರೆದಿದ್ರೆ ಹೋಗ್ತಿದ್ದಿದ್ದು ಸೇಬು ಮಾತ್ರ. ಹಣ್ಣು, ಬೀಜ, ಮಾಂಸ, ಹಾಲಿನ ಪದಾರ್ಥ, ಮಣ್ಣು ಮೆತ್ತಿದ ಶೂ ಇದ್ರೆ ಯೋಚನೆನೇ ಮಾಡದೆ ಹೌದು ಅಂತ ಟಿಕ್ ಹಾಕಿ. ಅನುಮಾನ ಇದ್ರೂ ಹೌದು ಅಂತಲೇ.

ಬ್ಯಾಗ್ ತಗೊಂಡ ಮೇಲೆ ಎಷ್ಟೋ ಏರ್‌ಪೋರ್ಟ್‌ಗಳಲ್ಲಿ ಹಸಿರು, ಕೆಂಪು ಅಂತ ಎರಡು ದಾರಿ ಇರುತ್ತೆ. ಹಸಿರಲ್ಲಿ ಕಾಲಿಟ್ರೆ ‘ನನ್ನ ಹತ್ರ ಏನೂ ಇಲ್ಲ’ ಅಂತ ಬಾಯಿಬಿಟ್ಟು ಹೇಳಿದ ಹಾಗೇನೇ, ಆಮೇಲೆ ಗೊತ್ತಾಗಲಿಲ್ಲ ಸಾರ್ ಅಂದ್ರೆ ಕೇಳಲ್ಲ. ಹೇಳೋಕೇನಾದ್ರೂ ಇದ್ರೆ ಕೆಂಪಿಗೆ ಹೋಗಿ, ಬಿಲ್ಲುಗಳನ್ನ ಕೈಯಲ್ಲಿ ಹಿಡ್ಕೊಂಡಿರಿ, ಬೆಲೆ ಕಡಿಮೆ ಮಾಡಿ ಹೇಳ್ಬೇಡಿ. ಬ್ಯಾಗ್ ತೆಗಿ ಅಂದ್ರೆ ತೆಗೀರಿ. ‘ಇದನ್ನ ನೀವೇ ಪ್ಯಾಕ್ ಮಾಡಿದ್ದಾ’ ಅಂತ ಕೇಳಬಹುದು, ಅದಕ್ಕೇ ಯಾರೋ ಕೊಟ್ಟ ಕಟ್ಟಿದ ಪೊಟ್ಟಣನ ಬಿಚ್ಚಿ ನೋಡದೆ ಒಳಗೆ ಹಾಕ್ಲೇಬೇಡಿ. ಡ್ಯೂಟಿ ಕಟ್ಟಿದ್ರೆ ರಸೀದಿ ಇಸ್ಕೊಂಡೇ ಹೊರಗೆ ಬನ್ನಿ.