ಪಿಸಿಯಿಂದ ವರ್ಕ್‌ಸ್ಟೇಷನ್‌ಗೆ: ನನ್ನ ಅನುಭವ

ಸೇತುವೆಗಳ ರಚನಾ ವಿಶ್ಲೇಷಣೆ ನನ್ನ ಕಸುಬು. ಬಹುಕಾಲ ಅದಕ್ಕೆ ಬಳಸುತ್ತಿದ್ದುದು ನಾನೇ ಜೋಡಿಸಿಕೊಂಡ ಪಿಸಿ: ಎಂಟು ಕೋರ್‌ಗಳ ಪ್ರೊಸೆಸರ್, 64 ಜಿಬಿ ರ‍್ಯಾಮ್, ಆಟದವರು ಕೊಳ್ಳುವಂಥ ಗ್ರಾಫಿಕ್ಸ್ ಕಾರ್ಡ್. ವೇಗದ ಬಗ್ಗೆ ದೂರಿರಲಿಲ್ಲ. ಒಮ್ಮೆ ಒಂದೇ ಮಾದರಿಯನ್ನು, ಅದೇ ಭಾರ ಹಾಕಿ ಎರಡು ರಾತ್ರಿ ಓಡಿಸಿದಾಗ ತೊಲೆಯ ನಡುವಿನ ಬಾಗು ಮೊದಲ ಸಲ 11.84 ಮಿ.ಮೀ., ಎರಡನೆಯ ಸಲ 12.31 ಮಿ.ಮೀ. ಎಂದು ಬಂತು. ಹಲವು ಕೋರ್‌ಗಳು ಹಂಚಿಕೊಂಡು ಕೂಡುವಾಗ ಕ್ರಮ ಹೆಚ್ಚುಕಡಿಮೆಯಾಗಿ ದಶಾಂಶದ ತೀರ ಕೊನೆಯ ಅಂಕೆಗಳು ಅತ್ತಿತ್ತ ಆಗುವುದುಂಟು. ಎರಡನೆಯ ಅಂಕೆಯೇ ಬದಲಾಗುವುದು ಸಲ್ಲದು.

ಎರಡು ದಿನ ಸಾಫ್ಟ್‌ವೇರನ್ನೇ ಶಂಕಿಸಿದೆ. ಕೊನೆಗೆ ರ‍್ಯಾಮನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶ ಹಚ್ಚಿ ಮಲಗಿ ಎದ್ದಾಗ ಪರದೆಯಲ್ಲಿ ಒಂದು ಕೆಂಪು ಸಾಲು ಕಂಡಿತು: ಬರಿಯ ಸೊನ್ನೆಗಳಿರಬೇಕಾದಲ್ಲಿ ಒಂದು 4 (ದ್ವಿಮಾನದಲ್ಲಿ 100), ಅಂದರೆ 0 ಅಥವಾ 1 ಹಿಡಿದಿಡುವ ಒಂದೇ ಒಂದು ಬಿಟ್ ಮಗುಚಿತ್ತು. ಪಿಸಿ ಅದನ್ನು ನಿಜವೆಂದೇ ನಂಬಿ ಲೆಕ್ಕ ಮುಂದುವರಿಸಿತ್ತು.

ವರ್ಕ್‌ಸ್ಟೇಷನ್ ಎಂದರೆ ಹೆಚ್ಚು ವೇಗದ ಪಿಸಿ ಎಂಬ ನನ್ನ ತಿಳಿವಳಿಕೆ ಅಲ್ಲಿಗೆ ಮುಗಿಯಿತು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಎರಡು ಇಂಟೆಲ್ ಕ್ಸಿಯಾನ್ ಇ5-2680 ವಿ4 ಪ್ರೊಸೆಸರ್ ಇರುವ ಹಳೆಯ ವರ್ಕ್‌ಸ್ಟೇಷನ್ ಒಂದನ್ನು ಕೊಂಡೆ. ಪ್ರತಿಯೊಂದರಲ್ಲಿ 14 ಕೋರ್. ಅದರ ರ‍್ಯಾಮ್ ಪಟ್ಟಿಯನ್ನು ಕೈಯಲ್ಲಿ ಹಿಡಿದು ಎಣಿಸಿದೆ: ಒಂದು ಬದಿಗೆ ಎಂಟರ ಬದಲು ಒಂಬತ್ತು ಚಿಪ್. ಪ್ರತಿ 64 ಬಿಟ್ ದತ್ತಾಂಶದ ಜೊತೆ 8 ತಪಾಸಣಾ ಬಿಟ್‌ಗಳನ್ನು ಇಡಲು ಆ ಒಂಬತ್ತನೆಯದು; ಒಂದು ಬಿಟ್ ತಪ್ಪಿದರೆ ಮೆಮೊರಿ ನಿಯಂತ್ರಕ ತಾನೇ ತಿದ್ದುತ್ತದೆ, ಎರಡು ತಪ್ಪಿದರೆ ತಿದ್ದಲಾಗದಿದ್ದರೂ ಗುರುತಿಸಿ ತಿಳಿಸುತ್ತದೆ. ಇದೇ ಇಸಿಸಿ. ನನ್ನ ಹಳೆಯ ರ‍್ಯಾಮನ್ನೂ ಇದಕ್ಕೆ ಹಾಕಬಹುದೇ ಎಂದು ಕೇಳಿದಾಗ ಅಂಗಡಿಯವರು, “ಕೂರುತ್ತೆ ಸರ್, ಆದ್ರೆ ಏಳಲ್ಲ” ಎಂದರು. ನಂಬದೆ ಮನೆಯಲ್ಲಿ ಹಾಕಿ ನೋಡಿದೆ; ಡಿಡಿಆರ್4 ಪೀಳಿಗೆಯ ರ‍್ಯಾಮ್‌ನಲ್ಲಿ ಪಿಸಿಯ ಪಟ್ಟಿಗೂ ಈ ಯಂತ್ರದ ಬೇರೆ ಬಗೆಯ ಪಟ್ಟಿಗೂ ಖಾಂಚು ಒಂದೇ ಆದ್ದರಿಂದ ಚೆನ್ನಾಗಿಯೇ ಕೂತಿತು, ಯಂತ್ರ ಬೀಪ್ ಎಂದು ಅರಚಿತೇ ಹೊರತು ಏಳಲಿಲ್ಲ.

ನನ್ನ ಕೆಲಸಕ್ಕೆ ಕೋರ್‌ಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಮೆಮೊರಿ ಚಾನೆಲ್‌ಗಳು, ಅಂದರೆ ರ‍್ಯಾಮ್‌ಗೂ ಪ್ರೊಸೆಸರ್‌ಗೂ ನಡುವಿನ ದಾರಿಗಳು. ದೊಡ್ಡ ಸಮೀಕರಣ ವ್ಯೂಹಗಳನ್ನು ಬಿಡಿಸುವಾಗ ಪ್ರೊಸೆಸರ್ ಬಹುಪಾಲು ಹೊತ್ತು ರ‍್ಯಾಮ್‌ನಿಂದ ಅಂಕೆಗಳು ಬರುವುದನ್ನೇ ಕಾಯುತ್ತಿರುತ್ತದೆ. ಪಿಸಿಯಲ್ಲಿ ಎರಡು ಚಾನೆಲ್ ಸೇರಿ ಸೆಕೆಂಡಿಗೆ ಗರಿಷ್ಠ 51.2 ಜಿಬಿ, ಇಲ್ಲಿ ಪ್ರತಿ ಪ್ರೊಸೆಸರ್‌ಗೆ ನಾಲ್ಕು ಚಾನೆಲ್, ಒಟ್ಟು 153.6 ಜಿಬಿ.

ಹಾಗೆಂದು ಎಲ್ಲದರಲ್ಲೂ ಇದು ಮೇಲಲ್ಲ. ಒಂದೇ ಕೋರ್ ಬಳಸುವ ನಕ್ಷೆಯ ಕೆಲಸದಲ್ಲಿ ಪಿಸಿಯೇ ಚುರುಕು. ಆದ್ದರಿಂದ ಅದರ ಕೆಟ್ಟ ರ‍್ಯಾಮ್ ಬದಲಿಸಿ ಮಾದರಿ ಕಟ್ಟುವುದನ್ನು ಅಲ್ಲಿಯೇ ಉಳಿಸಿಕೊಂಡಿದ್ದೇನೆ. ರಾತ್ರಿಯಿಡೀ ಓಡುವ ಲೆಕ್ಕ ಮಾತ್ರ ವರ್ಕ್‌ಸ್ಟೇಷನ್‌ಗೆ. ಪತ್ರ ಬರೆಯಲು, ಜಿಎಸ್‌ಟಿ ಲೆಕ್ಕ ಇಡಲು ಇಂಥದ್ದನ್ನು ಕೊಳ್ಳುವುದು ದಂಡ. ಕರೆಂಟ್ ಬಿಲ್ಲೂ ಏರಿತು; 600 ವಿಎ ಯುಪಿಎಸ್ ಇದರ ಭಾರ ತಾಳಲಾರದೆ ಮೊದಲ ದಿನವೇ ಕೈಕೊಟ್ಟಿತು.

ತಿದ್ದಿದ ತಪ್ಪುಗಳ ಎಣಿಕೆಯನ್ನು ಲಿನಕ್ಸ್ ಇಟ್ಟುಕೊಂಡಿರುತ್ತದೆ. ತಿಂಗಳಿಗೊಮ್ಮೆ ನೋಡುತ್ತೇನೆ. ಬಹುಕಾಲ ಸೊನ್ನೆಯಿದ್ದದ್ದು ಏಪ್ರಿಲ್ ಸೆಕೆಯಲ್ಲಿ ಮೂರಾಯಿತು, ಮೂರೂ ಒಂದೇ ಸ್ಲಾಟಿನವು. ಆಗ ಓಡುತ್ತಿದ್ದ ಲೆಕ್ಕ ಮುಗಿಯುವವರೆಗೆ ಕಾದು, ಆ ಪಟ್ಟಿಯನ್ನು ಬದಲಿಸಿದೆ.